ಚರ್ಚ್ ಸ್ಟ್ರೀಟ್‌ನ ಕಲ್ಲು ಯಾಕೆ ಅಲ್ಲಾಡಿತು?

ಮ್ಯೂಸಿಯಂ ರಸ್ತೆ ಬಂದು ಚರ್ಚ್ ಸ್ಟ್ರೀಟ್‌ಗೆ ಸೇರುವ ಜಾಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸುಮ್ನೆ ನಿಂತಿದ್ದೆ. ಅಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಒಂದು ಸ್ಕೂಟರ್ ಹೋಯಿತು, ಟಕ್ ಅಂತ ಸದ್ದು. ಹಿಂದೆಯೇ ಒಂದು ಆಟೋ, ಟಕ್ ಟಕ್. ಬಗ್ಗಿ ನೋಡಿದರೆ ಅಂಗೈ ಅಗಲದ ಗ್ರಾನೈಟ್ ಕಲ್ಲೊಂದು ಸಡಿಲವಾದ ಹಲ್ಲಿನ ಹಾಗೆ ಕೂತಲ್ಲೇ ಅಲ್ಲಾಡುತ್ತಿತ್ತು. ಸುತ್ತಲಿನ ಸಂದಿಯಲ್ಲಿ ಗಾರೆಯೇ ಇರಲಿಲ್ಲ. ಕಾಲಿನಿಂದ ಒತ್ತಿದೆ. ಒಂದು ಮೂಲೆ ತಗ್ಗಿತು, ಇನ್ನೊಂದು ಮೂಲೆ ಎದ್ದಿತು, ಅಡಿಯಿಂದ ರಾತ್ರಿ ಮಳೆಯ ನೀರು ಪಿಚಕ್ ಅಂತ ಷೂ ಮೇಲೆ ಹಾರಿತು.

ಬೆಂಗಳೂರಿನಲ್ಲಿ ನಡೆಯುವವರಿಗಾಗಿ ಇಷ್ಟು ಮುತುವರ್ಜಿಯಿಂದ ಮಾಡಿದ ಬೀದಿಗಳು ಕಡಿಮೆ. ಇದರ ಬಗ್ಗೆ ಹೊಗಳಿಕೆಯೂ ಬಂದಿದೆ, ಬೈಗುಳವೂ ಬಂದಿದೆ. ಎರಡಕ್ಕೂ ಕಾರಣಗಳಿವೆ. ನನಗೆ ಮಾತ್ರ ಈ ಬೀದಿಯ ಇಡೀ ಕಥೆ ಆ ಅಲ್ಲಾಡುವ ಕಲ್ಲಿನಲ್ಲೇ ಇದೆ ಅನ್ನಿಸುತ್ತದೆ. ಕಲ್ಲು ಚೆನ್ನಾಗಿತ್ತು. ಹಾಕಿದವರ ಉದ್ದೇಶವೂ ಚೆನ್ನಾಗಿತ್ತು. ಆದರೆ ಈ ಬೀದಿ ನಡೆಯುವವರದ್ದೋ ಗಾಡಿಗಳದ್ದೋ ಅನ್ನುವುದನ್ನು ಮಾತ್ರ ಯಾರೂ ಕೊನೆಯವರೆಗೆ ತೀರ್ಮಾನ ಮಾಡಲಿಲ್ಲ.

ಮೊದಲು ಹೇಗಿತ್ತು

ಗೊತ್ತಿಲ್ಲದವರಿಗೆ ಸ್ವಲ್ಪ ಗುರುತು ಹೇಳುತ್ತೇನೆ. ಎಂ.ಜಿ. ರಸ್ತೆಗೆ ಸಮಾನಾಂತರವಾಗಿ, ಅದರ ಬೆನ್ನಿಗೇ ಅಂಟಿಕೊಂಡಂತೆ ಇರುವ ಬೀದಿ ಇದು. ಒಂದು ತುದಿ ಬ್ರಿಗೇಡ್ ರಸ್ತೆ, ಇನ್ನೊಂದು ತುದಿ ಸೇಂಟ್ ಮಾರ್ಕ್ಸ್ ರಸ್ತೆ. ಉದ್ದ ಮುಕ್ಕಾಲು ಕಿಲೋಮೀಟರ್ ಆಸುಪಾಸು. ನಿಧಾನವಾಗಿ ನಡೆದರೂ ಹತ್ತು ನಿಮಿಷ ಸಾಕು, ಪುಸ್ತಕದಂಗಡಿಗೆ ಹೊಕ್ಕರೆ ಮೂರು ಗಂಟೆ. ಬ್ಲಾಸಮ್, ಬುಕ್‌ವರ್ಮ್ ಇರುವುದು ಇಲ್ಲೇ. ಹತ್ತಿರದ ಮ್ಯೂಸಿಯಂ ರಸ್ತೆಯಲ್ಲಿದ್ದ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿತು. ಅದೇ ವರ್ಷ ಎಂ.ಜಿ. ರಸ್ತೆಯ ಹಳೆ ಇಂಡಿಯನ್ ಕಾಫಿ ಹೌಸ್ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟ್‌ಗೆ ಬಂತು. ಪೇಟ ತೊಟ್ಟ ಬೇರರ್‌ಗಳೂ ಜೊತೆಗೇ ಬಂದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮೆಟ್ರೊ ಶುರುವಾಯಿತು. ಅಲ್ಲಿಂದ ಈ ಬೀದಿಗೆ ಐದು ನಿಮಿಷದ ನಡಿಗೆ. ಕಾರಿಲ್ಲದೆ ಇಲ್ಲಿಗೆ ಬರುವುದು ಸುಲಭವಾಯಿತು.

ಬಂದವರು ನಡೆಯುವುದೆಲ್ಲಿ? ಎರಡೂ ಬದಿ ಕಾರು, ಬೈಕು ನಿಂತಿರುತ್ತಿದ್ದವು. ಫುಟ್‌ಪಾತ್ ಅಂದರೆ ಮೋರಿಯ ಮೇಲೆ ಹಾಕಿದ ಚಪ್ಪಡಿ ಕಲ್ಲು. ಒಂದು ಮೇಲೆ, ಒಂದು ಕೆಳಗೆ, ನಡುವೆ ಎಲ್ಲೋ ಒಂದು ಮಾಯ. ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಅಂಗಡಿಯ ಜನರೇಟರ್. ಜನ ಫುಟ್‌ಪಾತ್ ಬಿಟ್ಟು ನಿಂತ ಕಾರುಗಳ ಪಕ್ಕ, ಓಡುವ ಗಾಡಿಗಳ ಪಕ್ಕ, ರಸ್ತೆಯಲ್ಲೇ ನಡೆಯುತ್ತಿದ್ದರು. ಇದು ಚರ್ಚ್ ಸ್ಟ್ರೀಟ್‌ನ ವಿಶೇಷವೇನಲ್ಲ, ನಮ್ಮ ಊರುಗಳಲ್ಲೆಲ್ಲಾ ಇದೇ ಕಥೆ ಅಲ್ವಾ? ದಾರಿ ಹೇಗೆ ಮಾಡಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲ ಅಂತಲ್ಲ. ರಸ್ತೆ ಇಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯ ಪ್ರಕಾರ ಮನೆಗಳಿರುವ ಬೀದಿಯಲ್ಲಿ ಅಡೆತಡೆ ಇಲ್ಲದ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಗಡಿ ಬೀದಿಯಲ್ಲಿ 2.5 ಮೀಟರ್. ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಮನೆಯಿಂದ ಹೊರಗೆ ಬಂದು ಒಮ್ಮೆ ಅಳೆದು ನೋಡಿ. ನಮ್ಮ ಬೀದಿಯಲ್ಲಿ ನಾನು ಅಳೆದಿದ್ದೇನೆ. ಅಂಚು ನನ್ನ ಮೊಣಕಾಲಿಗೆ ನಾಲ್ಕು ಬೆರಳು ಕಡಿಮೆ ಇತ್ತು. ನಮ್ಮ ಅಜ್ಜಿ ಅದನ್ನು ಹತ್ತುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಇದು ಬರೀ ಸೌಕರ್ಯದ ಮಾತಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಅಂತ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ತೊಂಬತ್ತು ಜನ.

ನೆಲದ ಅಡಿಯ ಕೆಲಸ

ಚರ್ಚ್ ಸ್ಟ್ರೀಟ್ ಅಂದರೆ ಎಲ್ಲರೂ ಮೇಲಿನ ಕಲ್ಲಿನ ಬಗ್ಗೆ ಮಾತಾಡುತ್ತಾರೆ. ಅಸಲಿ ಕೆಲಸ ಅಡಿಯಲ್ಲಿ ನಡೆದಿದೆ, ಅದನ್ನು ಮೊದಲು ಹೇಳಬೇಕು.

ಇದರ ಬೇರು ಟೆಂಡರ್ ಶ್ಯೂರ್‌ನಲ್ಲಿದೆ. ಜನ ಅರ್ಬನ್ ಸ್ಪೇಸ್ ಸಂಸ್ಥೆಯ ಸ್ವಾತಿ ರಾಮನಾಥನ್ ಮುಂದಾಳತ್ವದಲ್ಲಿ 2011ರಲ್ಲಿ ಆ ಹೆಸರಿನ ಒಂದು ಕೈಪಿಡಿ ಬಂತು. ನಗರದ ರಸ್ತೆಗೆ ಟೆಂಡರ್ ಕರೆಯುವಾಗಲೇ ಏನೇನು ಬರೆದಿರಬೇಕು ಅನ್ನುವ ಪುಸ್ತಕ ಅದು. ಅಲ್ಲಿಯವರೆಗೆ ರಸ್ತೆಯ ಟೆಂಡರ್ ಅಂದರೆ ಹೆಚ್ಚಾಗಿ ಡಾಂಬರಿನ ಟೆಂಡರ್. ಫುಟ್‌ಪಾತ್ ಬೇರೆ, ಮೋರಿ ಬೇರೆ, ನೀರಿನ ಪೈಪು ಬೇರೆ, ಕರೆಂಟ್ ಬೇರೆ. ಒಬ್ಬರು ಡಾಂಬರು ಹಾಕಿ ಹೋದ ಮರುವಾರ ಇನ್ನೊಬ್ಬರು ಬಂದು ಅಗೆಯುತ್ತಾರೆ. ಜಲಮಂಡಳಿ, ಬೆಸ್ಕಾಂ, ದೂರವಾಣಿ, ಗ್ಯಾಸು, ಇಂಟರ್‌ನೆಟ್ ಕೇಬಲ್ ಕಂಪನಿಗಳು, ಪ್ರತಿಯೊಬ್ಬರಿಗೂ ಅವರದ್ದೇ ಗುದ್ದಲಿ.

ಟೆಂಡರ್ ಶ್ಯೂರ್ ಹೇಳಿದ್ದು ಸರಳ. ಇವರೆಲ್ಲರ ಪೈಪು, ಕೇಬಲ್‌ಗಳನ್ನು ಫುಟ್‌ಪಾತಿನ ಕೆಳಗೆ, ಒಂದೊಂದಕ್ಕೂ ಜಾಗ ಗೊತ್ತು ಮಾಡಿ, ಡಕ್ಟ್ ಅಂದರೆ ಕೊಳವೆದಾರಿಯ ಒಳಗೆ ಹಾಕಿ. ನಡುನಡುವೆ ಚೇಂಬರ್ ಬಿಡಿ. ನಾಳೆ ಹೊಸ ಕೇಬಲ್ ಬೇಕಾದರೆ ಚೇಂಬರಿನ ಮುಚ್ಚಳ ತೆಗೆದು ಎಳೆದುಕೊಳ್ಳಲಿ, ರಸ್ತೆ ಮುಟ್ಟುವುದು ಬೇಡ. ಇನ್ನೊಂದು, ಗಾಡಿ ಓಡುವ ದಾರಿಯ ಅಗಲ ಉದ್ದಕ್ಕೂ ಒಂದೇ ಇರಲಿ. ನಮ್ಮ ರಸ್ತೆಗಳು ಕೊಳವೆಯ ಹಾಗಿಲ್ಲ, ಹಾವು ಇಲಿ ನುಂಗಿದ ಹಾಗೆ. ಇಲ್ಲಿ ಮೂರು ಲೇನ್, ಐವತ್ತು ಅಡಿ ಮುಂದೆ ನಾಲ್ಕು, ಆಮೇಲೆ ಎರಡು. ಅಗಲವಾದ ಕಡೆ ಗಾಡಿಗಳು ಹರಡಿಕೊಂಡು ಕಿರಿದಾದ ಕಡೆ ಗುದ್ದಾಡುತ್ತವೆ. ಅಗಲ ಒಂದೇ ಮಾಡಿದರೆ ಉಳಿದದ್ದೆಲ್ಲ ಫುಟ್‌ಪಾತಿಗೆ ಸಿಗುತ್ತದೆ, ಗಾಡಿಗಳಿಗೂ ನಷ್ಟವಿಲ್ಲ.

ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ, ರಿಚ್ಮಂಡ್, ಕನ್ನಿಂಗ್‌ಹ್ಯಾಮ್, ಮ್ಯೂಸಿಯಂ ರಸ್ತೆಗಳು ಮೊದಲ ಸುತ್ತಿನಲ್ಲಿ ಹೀಗೆ ಆದವು. ಆಗ ಎದ್ದ ಗಲಾಟೆ ನೆನಪಿದೆಯಾ? ಇಷ್ಟು ಅಗಲದ ಫುಟ್‌ಪಾತ್ ಯಾರಿಗೆ, ಇಷ್ಟು ದುಡ್ಡು ಯಾಕೆ ಅಂತ ಕಾರಿನವರು ಕೇಳಿದ್ದೇ ಕೇಳಿದ್ದು. ದುಡ್ಡಿನ ಪ್ರಶ್ನೆ ನ್ಯಾಯವಾದದ್ದೇ. ಮಾಮೂಲು ಡಾಂಬರು ರಸ್ತೆಗಿಂತ ಇದು ಎಷ್ಟೋ ಪಟ್ಟು ಜಾಸ್ತಿ. ಆದರೆ ಮಾಮೂಲು ರಸ್ತೆಯನ್ನು ಹತ್ತು ವರ್ಷದಲ್ಲಿ ಎಷ್ಟು ಸಲ ಅಗೆದು ಎಷ್ಟು ಸಲ ಮುಚ್ಚುತ್ತಾರೆ ಅನ್ನುವ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕಲ್ಲ.

2017, ಒಂದು ಕೆಟ್ಟ ವರ್ಷ

ಚರ್ಚ್ ಸ್ಟ್ರೀಟ್‌ನ ಅಗೆತ 2017ರ ಆರಂಭದಲ್ಲಿ ಶುರುವಾಯಿತು. ವಿನ್ಯಾಸ ನರೇಶ್ ನರಸಿಂಹನ್ ಅವರ ವೆಂಕಟರಮಣನ್ ಅಸೋಸಿಯೇಟ್ಸ್‌ನದು, ಕೆಲಸ ಆಗಿನ ನಗರ ಪಾಲಿಕೆ ಬಿಬಿಎಂಪಿಯದು. ಬೀದಿಯ ಉದ್ದಕ್ಕೂ ಅಗೆದರು. ಹಳೆ ಊರಿನಲ್ಲಿ ಅಗೆದರೆ ನಕ್ಷೆಯಲ್ಲಿಲ್ಲದ ಪೈಪು, ಯಾರದೆಂದು ಗೊತ್ತಿಲ್ಲದ ಕೇಬಲ್ ಸಿಗುವುದು ಮಾಮೂಲು. ಹೇಳಿದ ಗಡುವು ಒಂದಾದ ಮೇಲೊಂದು ಜಾರಿತು.

ಅಂಗಡಿಯವರ ಪಾಡು ಕೇಳಬೇಡಿ. ನೋಟು ರದ್ದಾಗಿ ಕೆಲವೇ ತಿಂಗಳಾಗಿತ್ತು. ಈಗ ಬಾಗಿಲಿನ ಮುಂದೆಯೇ ಗುಂಡಿ, ಒಳಗೆ ಹೋಗಲು ಒಂದು ಹಲಗೆ. ಅದರ ಮೇಲೆ ಜುಲೈನಲ್ಲಿ ಮತ್ತೊಂದು ಏಟು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಎಂ.ಜಿ. ರಸ್ತೆ ಸುತ್ತಮುತ್ತಲ ಬೀದಿಗಳೂ ಆ ಅಳತೆಯೊಳಗೆ ಬಂದುಬಿಟ್ಟವು. ಪಬ್ಬುಗಳಿಗೇ ಹೆಸರಾದ ಬೀದಿಯಲ್ಲಿ ಪಬ್ಬುಗಳು ಬಾಗಿಲು ಹಾಕಿದವು. ನಗರದೊಳಗಿನ ರಸ್ತೆಗಳಿಗೆ ವಿನಾಯಿತಿ ಇದೆ ಎಂದು ಸ್ಪಷ್ಟವಾಗಿ, ಮತ್ತೆ ತೆರೆಯುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಬೀದಿ ಚೆಂದ ಮಾಡುವವರು ಈ ಒಂದು ವರ್ಷದ ಲೆಕ್ಕವನ್ನು ಯೋಜನೆಯಲ್ಲಿ ಬರೆಯುವುದೇ ಇಲ್ಲ. ಆ ವರ್ಷ ಸೋತ ಅಂಗಡಿಯವನು ಮುಂದೆ ನೀವು ಏನೇ ಹೊಸದು ತಂದರೂ ಅನುಮಾನದಿಂದಲೇ ನೋಡುತ್ತಾನೆ. ಮೂರು ವರ್ಷದ ನಂತರ ಗಾಡಿ ನಿಲ್ಲಿಸುತ್ತೇವೆ ಅಂದಾಗ ಅವರಲ್ಲಿ ಕೆಲವರು ಹಲ್ಲು ಕಡಿದದ್ದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ.

2018ರ ಮಾರ್ಚ್‌ನಲ್ಲಿ ಬೀದಿ ತೆರೆಯಿತು. ಡಾಂಬರು ಹೋಗಿ ಇಡೀ ಬೀದಿಗೆ ಸಣ್ಣ ಸಣ್ಣ ಗ್ರಾನೈಟ್ ಕಲ್ಲುಗಳ ಹಾಸು ಬಂದಿತ್ತು. ಅಂಚಿನಲ್ಲಿ ಗಿಡ್ಡ ಕಂಬಗಳು, ಹೊಸ ದೀಪ, ಕೂರಲು ಅಲ್ಲಲ್ಲಿ ಕಟ್ಟೆ. ಪಾರ್ಕಿಂಗ್ ಇಲ್ಲ. ಮೊದಲ ವಾರ ನಾನು ನೋಡಿದ್ದು ಇದು: ಒಬ್ಬ ಅಪ್ಪ ಮಗುವಿನ ತಳ್ಳುಗಾಡಿ ದಬ್ಬಿಕೊಂಡು ಬ್ರಿಗೇಡ್ ರಸ್ತೆಯಿಂದ ಬರುತ್ತಿದ್ದ. ಹಳೆ ಅಭ್ಯಾಸಕ್ಕೆ ಪ್ರತಿ ಇಪ್ಪತ್ತು ಹೆಜ್ಜೆಗೆ ಗಾಡಿಯ ಮುಂದಿನ ಚಕ್ರ ಎತ್ತಲು ಸಿದ್ಧನಾಗುತ್ತಿದ್ದ. ಎತ್ತುವಂಥದ್ದು ಏನೂ ಬರುತ್ತಿರಲಿಲ್ಲ. ಕಾಫಿ ಹೌಸ್ ದಾಟುವ ಹೊತ್ತಿಗೆ ಒಂದು ಕೈ ಬಿಟ್ಟು ಫೋನು ನೋಡುತ್ತಿದ್ದ. ರಸ್ತೆ ಸುರಕ್ಷಿತ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ಗಾಡಿಗಳೂ ನಿಧಾನವಾದವು. ಕಲ್ಲಿನ ಮೇಲೆ ಚಕ್ರ ಗಡಗಡ ಅನ್ನುತ್ತದೆ, ಸ್ಟೇರಿಂಗ್ ನಡುಗುತ್ತದೆ, ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ. ವೇಗದ ಬಗ್ಗೆ ಒಂದು ಲೆಕ್ಕ ಎಲ್ಲರೂ ತಿಳಿದಿರಬೇಕಾದದ್ದು. ಡಿಕ್ಕಿಯ ಪೆಟ್ಟು ವೇಗದ ವರ್ಗದ ಪ್ರಕಾರ ಏರುತ್ತದೆ. ಮೂವತ್ತರ ಬದಲು ಐವತ್ತರಲ್ಲಿ ಬಂದರೆ ಗಾಡಿಯಲ್ಲಿರುವ ಶಕ್ತಿ ಎರಡೂಮುಕ್ಕಾಲು ಪಟ್ಟು. ಅದಕ್ಕೇ ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಜನ, ಗಾಡಿ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಎಂದರು. ನಮ್ಮಲ್ಲಿ ಬೋರ್ಡು ಹಾಕಿ ವೇಗ ಇಳಿಸಲು ನೋಡುತ್ತೇವೆ. ಬೋರ್ಡು ಓದುವವರು ಯಾರು? ನೆಲವೇ ಹೇಳಿದರೆ ಓದು ಬಾರದವನಿಗೂ ಗೊತ್ತಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನೂ ಹೇಳಿಬಿಡುತ್ತೇನೆ. ಗಾಡಿಯನ್ನು ನಡುಗಿಸುವ ಕಲ್ಲು ಗಾಲಿಕುರ್ಚಿಯನ್ನೂ ನಡುಗಿಸುತ್ತದೆ, ಊರುಗೋಲಿನವರನ್ನೂ ತೊಡರಿಸುತ್ತದೆ. ಬದಿಯ ನಯವಾದ ಪಟ್ಟಿಯಲ್ಲಿ ಹೋಗಬಹುದು, ನಿಜ. ಅಲ್ಲಿ ಯಾರಾದರೂ ಬೈಕು ನಿಲ್ಲಿಸದೇ ಇದ್ದರೆ.

ಕಲ್ಲು ಸಡಿಲವಾದದ್ದು

ಎರಡು ಮೂರು ವರ್ಷದೊಳಗೆ ಕಲ್ಲುಗಳು ಏಳತೊಡಗಿದವು. ಕೆಲವು ಕಡೆ ಹಳ್ಳ ಬಿತ್ತು. ಕಿತ್ತುಹೋದ ಜಾಗಕ್ಕೆ ಅದೇ ಕಲ್ಲು ಕೂರಿಸುವ ಬದಲು ಕಾಂಕ್ರೀಟೋ ಡಾಂಬರೋ ಸುರಿದು ತೇಪೆ ಹಾಕಿದರು. ಒಳ್ಳೆ ರೇಷ್ಮೆ ಸೀರೆಗೆ ಗೋಣಿಚೀಲದ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಪತ್ರಿಕೆಗಳಲ್ಲಿ ಫೋಟೊ ಬಂತು. ಕಲ್ಲು ಹಾಸುವುದೇ ದಂಡ, ನಮ್ಮ ಊರಿಗೆ ಡಾಂಬರೇ ಸರಿ ಅಂತ ಕೆಲವರು ತೀರ್ಪು ಕೊಟ್ಟರು.

ಆದರೆ ಕಲ್ಲು ಹಾಸು ನಮಗೆ ಹೊಸದೇ? ನೂರಾರು ವರ್ಷ ದೇವಸ್ಥಾನದ ಪ್ರಾಕಾರಗಳಲ್ಲಿ, ರಥಬೀದಿಗಳಲ್ಲಿ ಕಲ್ಲಿನ ಮೇಲೇ ನಡೆದ ಜನ ನಾವು. ಇಲ್ಲಿ ಏನಾಯಿತು ಅಂತ ಸ್ವಲ್ಪ ಬಗ್ಗಿ ನೋಡಬೇಕು. ಸಣ್ಣ ಕಲ್ಲುಗಳ ಹಾಸು ಗಟ್ಟಿಯಾಗಿ ನಿಲ್ಲುವುದು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುವುದರಿಂದ. ಸಂದಿಯಲ್ಲಿ ತುಂಬಿದ ಗಾರೆಯೋ ಮರಳೋ ಆ ಹಿಡಿತ ಕೊಡುತ್ತದೆ. ಗಾಡಿ ನೇರ ಹೋದರೆ ಭಾರ ಕೆಳಕ್ಕೆ ಮಾತ್ರ. ಬ್ರೇಕ್ ಹಾಕಿದರೆ, ತಿರುಗಿದರೆ, ಚಕ್ರ ಕಲ್ಲನ್ನು ಪಕ್ಕಕ್ಕೆ ತಳ್ಳುತ್ತದೆ. ದಿನಕ್ಕೆ ಸಾವಿರಾರು ಸಲ ತಳ್ಳಿದರೆ ಸಂದಿ ಬಿರುಕು ಬಿಡುತ್ತದೆ. ಮಳೆ ನೀರು ಇಳಿಯುತ್ತದೆ, ಅಡಿಯ ಹಾಸಿಗೆ ಕೊಚ್ಚಿಹೋಗುತ್ತದೆ. ಒಂದು ಕಲ್ಲು ಅಲ್ಲಾಡಿದರೆ ಪಕ್ಕದ ನಾಲ್ಕಕ್ಕೆ ಆಸರೆ ತಪ್ಪಿತು. ನಾನು ಕಾಲಿಂದ ಒತ್ತಿದ ಕಲ್ಲು ಇದ್ದದ್ದು ಗಾಡಿಗಳು ತಿರುಗುವ ಮೂಲೆಯಲ್ಲೇ.

ಅದಕ್ಕಿಂತ ದೊಡ್ಡದು ಭಾರದ ವಿಷಯ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ ಓಡಿಸಿ ಒಂದು ಪರೀಕ್ಷೆ ಮಾಡಿದರು. ಅಲ್ಲಿಂದ ಬಂದ ಅಂದಾಜು ಸೂತ್ರವನ್ನು ಇಂಜಿನಿಯರ್‌ಗಳು ಇವತ್ತಿಗೂ ಬಳಸುತ್ತಾರೆ. ರಸ್ತೆಗೆ ಆಗುವ ಹಾನಿ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರದ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಕಾರಿನ ಒಂದು ಆಕ್ಸಲ್ ಮೇಲೆ ಅರ್ಧ ಟನ್, ತುಂಬಿದ ನೀರಿನ ಟ್ಯಾಂಕರಿನ ಒಂದು ಆಕ್ಸಲ್ ಮೇಲೆ ಐದು ಟನ್ ಅಂದುಕೊಳ್ಳಿ. ಟ್ಯಾಂಕರಿನ ಆ ಒಂದು ಆಕ್ಸಲ್, ಕಾರಿನ ಹತ್ತು ಸಾವಿರ ಆಕ್ಸಲ್‌ಗಳಿಗೆ ಸಮ. ಸೂತ್ರ ಡಾಂಬರು, ಕಾಂಕ್ರೀಟ್ ರಸ್ತೆಗಳದ್ದು, ಕಲ್ಲು ಹಾಸಿಗೆ ಅಕ್ಷರಶಃ ಹೊಂದಬೇಕಿಲ್ಲ. ಆದರೂ ಯಾವ ಗಾಡಿ ಬೀದಿ ಹಾಳು ಮಾಡುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಹೋಟೆಲ್, ಪಬ್ಬುಗಳಿರುವ ಬೀದಿಗೆ ನೀರಿನ ಟ್ಯಾಂಕರ್, ಬಿಯರ್ ಲಾರಿ, ಕಸದ ಕಾಂಪ್ಯಾಕ್ಟರ್ ಬರದೇ ಇರುತ್ತದೆಯೇ?

ಹಾಗಾಗಿ ಎರಡರಲ್ಲಿ ಒಂದು ಮಾಡಬೇಕಿತ್ತು. ಒಂದೋ ಟ್ಯಾಂಕರ್ ತಡೆಯುವಂಥ ಗಟ್ಟಿ ತಳ ಹಾಕಿ, ಪ್ರತಿ ಮಳೆಗಾಲ ಮುಗಿದ ಮೇಲೆ ಸಂದಿ ತುಂಬುವ ಗಾರೆಯವರನ್ನು ಕಾಯಂ ಇಟ್ಟುಕೊಳ್ಳಬೇಕಿತ್ತು. ಇಲ್ಲವೇ ಭಾರದ ಗಾಡಿಗಳಿಗೆ ಬೆಳಗಿನ ಜಾವ ಇಷ್ಟು ಗಂಟೆಯಿಂದ ಇಷ್ಟರವರೆಗೆ ಅಂತ ಹೊತ್ತು ಗೊತ್ತು ಮಾಡಿ, ಉಳಿದ ಹೊತ್ತು ಬೀದಿ ಮುಚ್ಚಬೇಕಿತ್ತು. ನಡೆಯುವವರಿಗೆ ತಕ್ಕ ನೆಲ ಹಾಕಿ ಅದರ ಮೇಲೆ ಎಲ್ಲ ಗಾಡಿ ಬಿಟ್ಟರು. ಮದುವೆಮನೆಗೆ ಹಾಸಿದ ಜಮಖಾನದ ಮೇಲೆ ಟ್ರ್ಯಾಕ್ಟರ್ ಓಡಿಸಿ, ಜಮಖಾನ ಕಳಪೆ ಅಂದರೆ ಹೇಗೆ?

ನಾಲ್ಕು ತಿಂಗಳ ವಾರಾಂತ್ಯಗಳು

ಆ ತೀರ್ಮಾನ ಮಾಡುವ ಅವಕಾಶ ಒಮ್ಮೆ ತಾನಾಗಿ ಬಂದಿತ್ತು. 2020ರ ನವೆಂಬರ್ 7ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ‘ಕ್ಲೀನ್ ಏರ್ ಸ್ಟ್ರೀಟ್’ಗೆ ಚಾಲನೆ ಕೊಟ್ಟರು. 2021ರ ಫೆಬ್ರವರಿವರೆಗೆ ಪ್ರತಿ ಶನಿವಾರ, ಭಾನುವಾರ ಚರ್ಚ್ ಸ್ಟ್ರೀಟ್‌ಗೆ ಗಾಡಿ ಇಲ್ಲ. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಮುಂದೆ ನಿಂತಿತ್ತು. ಹೊಸ ತಂತ್ರಜ್ಞಾನ ಬೆಳೆಸುವ ಬ್ರಿಟನ್ನಿನ ಕೆಟಪಲ್ಟ್ ಸಂಸ್ಥೆಗಳು ಕೈಜೋಡಿಸಿದ್ದವು. ಗಾಳಿ ಅಳೆಯುವ, ಜನರ ಅಭಿಪ್ರಾಯ ಕೇಳುವ ಕೆಲಸದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರಿದ್ದರು.

ಕೊರೊನಾ ಲಾಕ್‌ಡೌನ್ ಸಡಿಲವಾಗಿ ಜನ ಮನೆಯಿಂದ ಹೊರಬರಲು ಹಾತೊರೆಯುತ್ತಿದ್ದ ಹೊತ್ತು. ಬಂದರು, ಬಂದೇ ಬಂದರು. ಬೀದಿ ನಡುವೆ ಮಕ್ಕಳು ಸ್ಕೇಟಿಂಗ್ ಮಾಡಿದವು. ಒಬ್ಬ ಹುಡುಗ ಪೆನ್ಸಿಲ್ ಹಿಡಿದು ಮುಖ ಬರೆದುಕೊಡುತ್ತಿದ್ದ, ಸುತ್ತ ಹತ್ತು ಜನ ನಿಂತು ಮೂಗು ಸರಿ ಬಂತಾ ಅಂತ ಚರ್ಚೆ. ನನಗೆ ಎಲ್ಲಕ್ಕಿಂತ ಬೇರೆ ಅನ್ನಿಸಿದ್ದು ಸದ್ದು. ಹಾರ್ನ್ ಇಲ್ಲದ ಬೆಂಗಳೂರು ಹೇಗಿರುತ್ತದೆ ಅಂತ ಮರೆತೇಹೋಗಿತ್ತು. ಎದುರು ಬದಿಯವರು ಮಾತಾಡುವುದು ಕೇಳುತ್ತಿತ್ತು.

ಎಲ್ಲರೂ ಖುಷಿಯಾಗಿರಲಿಲ್ಲ. ಜನ ಜಾಸ್ತಿಯಾದದ್ದು ನಿಜ, ಆದರೆ ಸುಮ್ಮನೆ ಅಡ್ಡಾಡಿ ಹೋಗುವವರಿಂದ ನಮಗೇನು ಲಾಭ, ಕಾರಿನಲ್ಲಿ ಬರುವ ಗಿರಾಕಿ ಬೇರೆ ಕಡೆ ಹೋಗುತ್ತಾನೆ ಅನ್ನುವ ಮಾತು ಕೆಲವು ವ್ಯಾಪಾರಿಗಳಿಂದ ಬಂತು. ಬೀದಿಯೊಳಗೆ ಮನೆ, ಆಫೀಸು ಇದ್ದವರಿಗೆ ತಮ್ಮ ಗಾಡಿ ಒಳಗೆ ತರುವುದು ತಲೆನೋವಾಯಿತು. ಮಾಸ್ಕಿಲ್ಲದ ಗುಂಪು ನೋಡಿ ಹೆದರಿದವರೂ ಇದ್ದರು, ಆ ಹೊತ್ತಿನಲ್ಲಿ ಅದು ತಪ್ಪಲ್ಲ. ಫೆಬ್ರವರಿ ಮುಗಿಯಿತು, ಬ್ಯಾರಿಕೇಡ್ ಎತ್ತಿದರು, ಸೋಮವಾರದ ಗಾಡಿಗಳು ಶನಿವಾರಕ್ಕೂ ಬಂದವು.

ನನ್ನ ತಕರಾರು ಪ್ರಯೋಗ ನಿಲ್ಲಿಸಿದ್ದಕ್ಕಲ್ಲ. ಪ್ರಯೋಗ ಅಂದ ಮೇಲೆ ಕೊನೆಯಲ್ಲಿ ಯಾರಾದರೂ ಕೂತು ಇದು ಮುಂದುವರಿಯುತ್ತದೆ ಅಂತಲೋ, ಇಲ್ಲ, ಈ ಕಾರಣಕ್ಕೆ ಬೇಡ ಅಂತಲೋ ಹೇಳಬೇಕು. ಇಲ್ಲಿ ಅದು ಕರಗಿಹೋಯಿತು.

ಸ್ಪೇನಿನ ಪೊಂಟೆವೆದ್ರ ಅನ್ನುವ ಊರಿನ ಮಾತು ಇಲ್ಲಿ ಬರಬೇಕು. ಎಂಬತ್ತು ಸಾವಿರ ಚಿಲ್ಲರೆ ಜನರ ಊರು, ಬೆಂಗಳೂರಿನ ಪಕ್ಕ ಇಟ್ಟರೆ ಒಂದು ವಾರ್ಡು. ಅಲ್ಲಿ 1999ರಲ್ಲಿ ಮಿಗೆಲ್ ಅಂಶೋ ಫೆರ್ನಾಂಡೆಸ್ ಲೋರೆಸ್ ಎಂಬ ವೈದ್ಯರು ಮೇಯರ್ ಆದರು. ಹಳೆ ಪೇಟೆಯಿಂದ ಹಾದುಹೋಗುವ ಗಾಡಿಗಳನ್ನು ತೆಗೆದರು. ಸಾಮಾನು ಇಳಿಸುವವರು, ಮನೆ ಗ್ಯಾರೇಜಿಗೆ ಹೋಗುವವರು, ಕಾಯಿಲೆಯವರು ಗಾಡಿಯಲ್ಲಿ ಬರಬಹುದು, ಕೆಲಸ ಮುಗಿಸಿ ಹೋಗಬೇಕು. ಉಳಿದವರು ಪೇಟೆಯ ಅಂಚಿನಲ್ಲಿ ನಿಲ್ಲಿಸಿ ನಡೆದು ಬರಬೇಕು. 2010ರಲ್ಲಿ ಊರಿಗೆಲ್ಲ ಗಂಟೆಗೆ 30 ಕಿಲೋಮೀಟರ್ ಮಿತಿ. ಆಮೇಲೆ ಮೆಟ್ರೊ ನಕ್ಷೆಯ ಹಾಗೆ ಒಂದು ನಕ್ಷೆ ಮಾಡಿದರು. ಅದರಲ್ಲಿರುವುದು ರೈಲಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ನಿಮಿಷ ಅಂತ. ಅವರ ನೆಲವೂ ಕಲ್ಲಿನದೇ. ಆದರೆ ಅವರು ಯಾರು ಬರಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿದರು, ಕಲ್ಲನ್ನು ಆಮೇಲೆ ಹಾಸಿದರು. ಅಂಥ ನಕ್ಷೆ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದ ಗೋಡೆ ಮೇಲಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ. ಬ್ಲಾಸಮ್‌ಗೆ ಇಷ್ಟು, ಕಬ್ಬನ್ ಪಾರ್ಕಿಗೆ ಇಷ್ಟು ನಿಮಿಷ ಅಂತ.

ರಾತ್ರಿಯ ಬೀದಿ

ಸುರಕ್ಷತೆ ಅಂದರೆ ಗಾಡಿ ಗುದ್ದದಿರುವುದು ಮಾತ್ರವೇ ಅಲ್ಲ. ಈ ಬೀದಿಗೆ ಅದು ಚೆನ್ನಾಗಿ ಗೊತ್ತು. 2014ರ ಡಿಸೆಂಬರ್ 28ರ ರಾತ್ರಿ ಇಲ್ಲೇ ಫುಟ್‌ಪಾತಿನಲ್ಲಿ ಬಾಂಬ್ ಸ್ಫೋಟವಾಗಿ ಒಬ್ಬ ಮಹಿಳೆ ತೀರಿಕೊಂಡರು. 2016ರ ವರ್ಷಾಂತ್ಯದ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಗುಂಪಿನಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳ ದೇಶಕ್ಕೆಲ್ಲ ಸುದ್ದಿಯಾಯಿತು. ಅಲ್ಲಿಂದ ಪ್ರತಿ ಡಿಸೆಂಬರ್ 31ಕ್ಕೆ ಕ್ಯಾಮೆರಾ, ಬ್ಯಾರಿಕೇಡ್, ಮಹಿಳಾ ಪೊಲೀಸರು ಮುನ್ನೂರು ಅಡಿಗೊಬ್ಬರಂತೆ ಕಾಣುತ್ತಾರೆ. ಒಂದು ರಾತ್ರಿಗೆ ಅದು ಬೇಕು. ಉಳಿದ 364 ರಾತ್ರಿಗೆ?

ನನ್ನ ತಂಗಿ ಒಂದು ಮಾತು ಹೇಳಿದ್ದಳು. ರಾತ್ರಿ ಒಂಬತ್ತೂವರೆಗೆ ಆಫೀಸಿನಿಂದ ಮೆಟ್ರೊಗೆ ನಡೆಯುವಾಗ ಅವಳು ಹತ್ತಿರದ ದಾರಿ ಬಿಟ್ಟು ಚರ್ಚ್ ಸ್ಟ್ರೀಟ್ ಸುತ್ತಿಕೊಂಡು ಬರುತ್ತಾಳೆ. ಅಲ್ಲಿ ಪುಸ್ತಕದಂಗಡಿಯ ಬೆಳಕಿರುತ್ತದೆ, ಮೂಲೆಯಲ್ಲಿ ಕಿವಿಯೋಲೆ ಮಾರುವ ಹೆಂಗಸು ಕೂತಿರುತ್ತಾಳೆ, ದಿನಾ ನೋಡಿ ಮುಖಪರಿಚಯವಾಗಿದೆ. ಯಾವ ಇಲಾಖೆಯ ವರದಿಯಲ್ಲೂ ಆ ಹೆಂಗಸು ಬೀದಿಯ ಸುರಕ್ಷತಾ ವ್ಯವಸ್ಥೆಯ ಭಾಗ ಅಂತ ಬರೆದಿರುವುದಿಲ್ಲ. ಬರೆದಿದ್ದರೆ ಅವಳನ್ನು ಎಬ್ಬಿಸಲು ಬಂದ ಜೀಪು ಸ್ವಲ್ಪ ಯೋಚನೆ ಮಾಡುತ್ತಿತ್ತೇನೋ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಬೀದಿಯ ವಿನ್ಯಾಸ ಬರೆಯುವ ದಿನವೇ ಇವರಿಗೆ ಇಷ್ಟು ಚದರಡಿ ಅಂತ ಗೆರೆ ಎಳೆದಿಟ್ಟರೆ ಫುಟ್‌ಪಾತ್ ಕೂಡ ಉಳಿಯುತ್ತದೆ, ವ್ಯಾಪಾರವೂ ಉಳಿಯುತ್ತದೆ.

ಈಗ

ಚರ್ಚ್ ಸ್ಟ್ರೀಟ್‌ನ ನಿರ್ವಹಣೆಯನ್ನು ಆಮೇಲೆ ಒಂದು ಖಾಸಗಿ ಪ್ರತಿಷ್ಠಾನ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ವಹಿಸಿಕೊಂಡಿತು. ಕಲ್ಲು ಮರುಜೋಡಿಸಿದರು, ಗೋಡೆ ಗೀಚು ಅಳಿಸಿದರು. ಕೆಲಸ ಚೆನ್ನಾಗಿದೆ. ಹೀಗೆ ದತ್ತು ತೆಗೆದುಕೊಳ್ಳಲು ಜನ ಮುಂದೆ ಬರುವುದು ಚರ್ಚ್ ಸ್ಟ್ರೀಟ್‌ನಂಥ ಹೆಸರಿರುವ ಬೀದಿಗೆ. ಯಶವಂತಪುರದ ಮಾರುಕಟ್ಟೆ ಹಿಂದಿನ ಬೀದಿಯನ್ನು ಯಾರು ದತ್ತು ತೆಗೆದುಕೊಳ್ಳುತ್ತಾರೆ? ಅಲ್ಲಿ ನಡೆಯುವವರು ಇಲ್ಲಿಗಿಂತ ಜಾಸ್ತಿ ಇದ್ದಾರೆ.

ಕಾನೂನಿನ ಕಡೆಯಿಂದಲೂ ಗಾಳಿ ಬೀಸುತ್ತಿದೆ. ನಡೆಯುವವರ, ಸೈಕಲ್‌ನವರ ಹಕ್ಕಿಗಾಗಿ ಭೂಸಾರಿಗೆ ನಿರ್ದೇಶನಾಲಯ ಒಂದು ಮಸೂದೆಯ ಕರಡು ತಯಾರಿಸಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ರಾಜ್ಯಗಳು ಮಾರ್ಗಸೂಚಿ ಮಾಡಲಿ ಎಂದಿತು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾಗಿದೆ. ಸಂದಿಗೆ ಗಾರೆ ತುಂಬುವವನ ಕೂಲಿ ಯಾವ ಪಾಲಿಕೆಯ ಯಾವ ಲೆಕ್ಕದಿಂದ ಬರುತ್ತದೆ ಅನ್ನುವುದನ್ನು ನಾನು ಕಾದು ನೋಡುತ್ತಿದ್ದೇನೆ.

ಹೋದ ತಿಂಗಳು ಪುಸ್ತಕ ಕೊಳ್ಳುವ ನೆಪದಲ್ಲಿ ಮತ್ತೆ ಹೋಗಿದ್ದೆ. ಮ್ಯೂಸಿಯಂ ರಸ್ತೆಯ ಮೂಲೆಯಲ್ಲಿ ಆ ಕಲ್ಲನ್ನು ಹುಡುಕಿದೆ. ಸಿಕ್ಕಿತು, ಅಥವಾ ಅದೇ ಅಂದುಕೊಂಡೆ. ಸುತ್ತ ಹೊಸ ಗಾರೆ, ಇನ್ನೂ ಬಿಳಿಚಿಕೊಂಡಿತ್ತು. ಪೂರ್ತಿ ಭಾರ ಹಾಕಿ ನಿಂತೆ. ಅಲ್ಲಾಡಲಿಲ್ಲ. ಬೆನ್ನ ಹಿಂದೆ ಜೋರಾಗಿ ಹಾರ್ನ್ ಬಿತ್ತು. ನೀರಿನ ಟ್ಯಾಂಕರ್. ನಾನು ಪಕ್ಕಕ್ಕೆ ಸರಿದೆ, ಅದು ಆ ಮೂಲೆಯಲ್ಲೇ ತಿರುಗಿ ಒಳಗೆ ಹೋಯಿತು.